ತಾತನ ಬೆನ್ನಿನ ಗುಂಡು

ನಮ್ಮ ತಾತ ಬಾಂಗ್ಲಾ ಯುದ್ಧದಲ್ಲಿ ಬೆನ್ನಿಗೆ ಗುಂಡು ತಿಂದು ಬದುಕಿ ಬಂದವರು ಎಂದು ಕೆ.ಆರ್. ಪುರದ ಹಳಬರೆಲ್ಲ ಹೇಳುತ್ತಾರೆ. ಈ ಕಥೆಯನ್ನು ನಾನು ಮೊದಲು ಪ್ರಶ್ನಿಸಿದ್ದು ಆರನೇ ಕ್ಲಾಸಿನಲ್ಲಿ. ಶತ್ರು ಎದುರಿಗಿದ್ದರೆ ಗುಂಡು ಎದೆಗೆ ಬೀಳಬೇಕು, ಬೆನ್ನಿಗೆ ಬಿದ್ದಿದೆ ಅಂದರೆ ತಾತ ಆ ಹೊತ್ತಿನಲ್ಲಿ ಯಾವ ಕಡೆ ಓಡುತ್ತಿದ್ದರು ಎಂದು ಹಬ್ಬದ ಊಟಕ್ಕೆ ಕೂತಿದ್ದ ನೆಂಟರ ಮುಂದೆ ಕೇಳಿದೆ. ಅಪ್ಪ ಕೆನ್ನೆಗೆ ಒಂದು ಕೊಟ್ಟರು. ತಾತ ಮಾತ್ರ ನಕ್ಕರು. ಆ ನಗು ನನಗೆ ಹೊಡೆತಕ್ಕಿಂತ ವಿಚಿತ್ರವಾಗಿ ಕಂಡಿತ್ತು. ಮೊಮ್ಮಗಳಿಂದ ಹೇಡಿ ಎನ್ನಿಸಿಕೊಂಡ ಸೈನಿಕ ಯಾಕೆ ನಗಬೇಕು?

ಕಾಲೇಜಿಗೆ ಬಂದು ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತರಲು ಶುರು ಮಾಡಿದ ಮೇಲೆ ಅನುಮಾನ ಇನ್ನೂ ಬೆಳೆಯಿತು. ಆ ಯುದ್ಧ ನಡೆದದ್ದೇ ಸುಮಾರು ಎರಡು ವಾರ. ತಾತ ಮನೆಯಲ್ಲಿ ಇಲ್ಲದೇ ಇದ್ದದ್ದು ಒಂದೂವರೆ ವರ್ಷ. ಮಿಕ್ಕ ಕಾಲ ಎಲ್ಲಿದ್ದರು? ಗಡಿ ಕಾಯುತ್ತಿದ್ದರು ಅಂದರು ಅಪ್ಪ. ಬೆನ್ನಿಗೆ ಗುಂಡು ಬಿದ್ದವನನ್ನು ಯಾವ ಸೈನ್ಯ ಗಡಿಯಲ್ಲಿ ನಿಲ್ಲಿಸುತ್ತದೆ ಎಂದು ಕೇಳಿದರೆ, ಎಲ್ಲದರಲ್ಲೂ ನಿನ್ನ ಲಾಯರ್‌ಗಿರಿ ಎಂದು ಎದ್ದು ಹೋದರು. ಇನ್ನೊಂದು ವಿಷಯ. ಗುಂಡಿನ ಕಥೆಯನ್ನು ಅಪ್ಪ ಹೇಳುತ್ತಿದ್ದರು, ಅತ್ತೆ ಹೇಳುತ್ತಿದ್ದರು, ನಮ್ಮ ಹೋಟೆಲಿನ ಅಡುಗೆಯವರೂ ಗಿರಾಕಿಗಳಿಗೆ ಹೇಳುತ್ತಿದ್ದರು. ತಾತನ ಬಾಯಿಂದ ಆ ಮಾತನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಬೇರೆಯವರು ಹೇಳುವಾಗ ಸುಮ್ಮನೆ ಇರುತ್ತಿದ್ದರು, ಅಷ್ಟೆ.

ಖಾಯಿಲೆಯ ಬಗ್ಗೆ ಬರೆಯಲು ಕೂತವಳು ಯುದ್ಧದಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ನನಗೆ ಟಿಬಿ ಬಂತು. ಸಾಮಾನ್ಯ ಮಾತ್ರೆಗಳಿಗೆ ಬಗ್ಗದ ಜಾತಿಯ ಟಿಬಿ. ಕೊನೆಗೆ ಎಡ ಶ್ವಾಸಕೋಶದ ಮೇಲಿನ ಭಾಗವನ್ನು ಕತ್ತರಿಸಿ ತೆಗೆದರು. ತಾತನ ಬೆನ್ನಿನ ಗೆರೆ ಏನೆಂದು ನನಗೆ ತಿಳಿದದ್ದು ಆ ದಾರಿಯಲ್ಲಿ. ಇಂಥದ್ದನ್ನು ಬರೆಯುವವರು ಕೊನೆಯಲ್ಲಿ ಧೈರ್ಯ ಹೇಳಬೇಕು ಎಂದು ಎಲ್ಲರೂ ಒಪ್ಪಿಕೊಂಡ ಹಾಗಿದೆ. ನಾನು ಓದಿದ ಪ್ರತಿಯೊಂದರಲ್ಲೂ ಕೊನೆಯ ಪುಟಕ್ಕೆ ಬೆಳಕು ಬರುತ್ತದೆ. ನನ್ನ ಹತ್ತಿರ ಅಷ್ಟು ದಾಸ್ತಾನಿಲ್ಲ. ಬಾಯಿ ಮುಚ್ಚಿಕೊಂಡು ಈ ಖಾಯಿಲೆ ಬಿದ್ದವರು ನೀವೊಬ್ಬರೇ ಅಲ್ಲ ಎಂದು ಹೇಳಬಲ್ಲೆ. ಅದಕ್ಕಿಂತ ಹೆಚ್ಚಿನದನ್ನು ಹೇಳಿದರೆ ಅದು ಇನ್ನೊಂದು ಗುಂಡಿನ ಕಥೆಯಾಗುತ್ತದೆ.

ತಾತ ಹೋಟೆಲ್ ಹಾಕಿದಾಗ ಕೆ.ಆರ್. ಪುರ ದಾಟಿದರೆ ಏನೂ ಇರಲಿಲ್ಲವಂತೆ. ಹಳೇ ಮದ್ರಾಸ್ ರಸ್ತೆ, ಎರಡು ಬದಿಗೆ ಹುಣಸೆ ಮರ, ಆಚೆ ರಾಗಿ ಹೊಲ, ಹೊತ್ತು ಮುಳುಗಿದರೆ ನರಿ. ಮಣ್ಣಿನ ಗೋಡೆ, ನಾಡಹೆಂಚು, ಮುಂದೆ ಎರಡು ಕಲ್ಲುಬೆಂಚು. ಮದರಾಸಿನ ಕಡೆಗೆ ಹೋಗುವ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಮುದ್ದೆ, ತಲೆಮಾಂಸದ ಸಾರು, ಬೇಕೆಂದವರಿಗೆ ಒಳಗೆ ಚಾಪೆ. ಅಜ್ಜಿ ಕೆರೆಯಿಂದ ನೀರು ಹೊತ್ತು ತರುತ್ತಿದ್ದಳು, ಕೆಮ್ಮುವ ಡ್ರೈವರುಗಳಿಗೆ ಕಾಳುಮೆಣಸಿನ ಸಾರು ಕಾಯಿಸಿ ಕೊಡುತ್ತಿದ್ದಳು. ಕಸುಬು ಬಿಡದೆ ವರ್ಷಕ್ಕೆ ಕೆಲವು ದಿನ ಮಾತ್ರ ಕವಾಯತಿಗೆ ಹೋಗಬಹುದಾದ ಪಡೆಯೊಂದಿದೆ ಎಂದು ಯಾವನೋ ಡ್ರೈವರ್ ಹೇಳಿದ್ದನ್ನು ಕೇಳಿ ತಾತ ಹಲಸೂರಿಗೆ ಹೋಗಿ ಹೆಸರು ಕೊಟ್ಟರು. ದೇಶಭಕ್ತಿ ಎನ್ನುತ್ತಾರೆ ಅಪ್ಪ. ನಾನು ಒಮ್ಮೆ ತಾತನನ್ನೇ ಕೇಳಿದ್ದಕ್ಕೆ, ಬೂಟು ಚೆನ್ನಾಗಿದ್ದವು ಅಂದರು. ಯುದ್ಧದ ಗಾಳಿ ಬಂದಾಗ ಆ ಪಡೆಯನ್ನೂ ಕರೆಸಿಕೊಂಡರು. ಐದು ವರ್ಷದ ಅತ್ತೆಯನ್ನೂ ಕೈಗೂಸಾಗಿದ್ದ ಅಪ್ಪನನ್ನೂ ಇಟ್ಟುಕೊಂಡು ಅಜ್ಜಿ ಒಬ್ಬಳೇ ಹೋಟೆಲ್ ನಡೆಸಿದಳು. ತಾತ ಬಡಕಲಾಗಿ, ಬೆನ್ನಿನ ಮೇಲೆ ಗೆರೆ ಹೊತ್ತು ವಾಪಸ್ ಬಂದರು. ಅದಾದ ಸ್ವಲ್ಪ ಕಾಲಕ್ಕೆ ಅಜ್ಜಿ ಜ್ವರ ಬಂದು ತೀರಿಕೊಂಡಳು. ತಾತ ಮತ್ತೆ ಮದುವೆಯಾಗಲಿಲ್ಲ.

ಮಾಂಸದೂಟದ ಹೋಟೆಲಿಗೆಲ್ಲ ಬೆಂಗಳೂರಿನಲ್ಲಿ ಮಿಲಿಟರಿ ಹೋಟೆಲ್ ಅನ್ನುತ್ತಾರೆ. ನಿಜವಾದ ಮಿಲಿಟರಿಯವರು ಇರುವುದು ನಮ್ಮಲ್ಲಿ ಮಾತ್ರ ಎಂದು ಅಪ್ಪ ಗಲ್ಲಾದಲ್ಲಿ ಕೂತು ಹೇಳುತ್ತಾರೆ. ಅವರ ತಲೆಯ ಮೇಲೆ ತಾತನ ಸಮವಸ್ತ್ರದ ಫೋಟೋ ಇದೆ. ಈಗ ಊರೇ ಹೋಟೆಲಿನ ಬಳಿಗೆ ನಡೆದು ಬಂದಿದೆ. ಮುಂದೆ ಮೆಟ್ರೋ ಕಂಬ, ಮಧ್ಯಾಹ್ನವಾದರೆ ಮಹದೇವಪುರದ ಕಂಪನಿಗಳಿಂದ ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡವರ ಸಾಲು. ನಮ್ಮ ಮನೆ ಹೋಟೆಲಿನ ಮೇಲಿನ ಮಹಡಿಯಲ್ಲಿ. ಈ ವಿವರವನ್ನು ದಯವಿಟ್ಟು ನೆನಪಿಡಿ, ಮುಂದಿನದಕ್ಕೆಲ್ಲ ಅದೇ ಮೂಲ.

ಕೆಮ್ಮು ಶುರುವಾದಾಗ ನಾನು ಬೆನ್ಸನ್ ಟೌನಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಚರ್ಚೆ ಕಲಿಸುತ್ತಿದ್ದೆ. ರಿಂಗ್ ರಸ್ತೆಯ ಧೂಳು ಎಂದರು ಅಮ್ಮ. ಅಲರ್ಜಿ ಎಂದರು ಬೀದಿಯ ಡಾಕ್ಟರ್. ನಾನೂ ಒಪ್ಪಿದೆ, ಆ ರಸ್ತೆಯಲ್ಲಿ ಕೆಮ್ಮದೇ ಇರುವವರನ್ನು ತೋರಿಸಿ ನೋಡೋಣ. ಸಂಜೆಯ ಜ್ವರಕ್ಕೆ, ಸಡಿಲವಾಗುತ್ತಿದ್ದ ಚೂಡಿದಾರಕ್ಕೆ, ಬೆವರಿಗೆ ಒಂದೊಂದು ಬೇರೆ ಕಾರಣ ಸಿಕ್ಕಿತು. ವಾದ ಮಾಡುವವರಿಗೆ ಕಾರಣಗಳ ಬರ ಇರುವುದಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಕೆಮ್ಮಿದೆ, ಬೇಸಿನ್ನಿನಲ್ಲಿ ರಕ್ತ. ನಲ್ಲಿ ತಿರುಗಿಸಿ ನೀರು ಬಿಟ್ಟೆ, ಅದು ಹೋಗುವವರೆಗೂ ನೋಡುತ್ತ ನಿಂತೆ, ಆಮೇಲೆ ಅಮ್ಮನನ್ನು ಕೂಗಿದೆ.

ಎಕ್ಸ್‌ರೇ ಆಯಿತು, ಕಫದ ಪರೀಕ್ಷೆ ಆಯಿತು. ಇಂದಿರಾನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಗದ ನೋಡಿ ಟಿಬಿ ಅಂದರು. ಅವರು ಮಾತು ಮುಗಿಸುವ ಮೊದಲೇ ಅಪ್ಪ ಕೇಳಿದ ಮೊದಲ ಪ್ರಶ್ನೆ ನನಗೆ ಅಕ್ಷರ ಅಕ್ಷರ ನೆನಪಿದೆ.

‘ಮೇಡಂ, ಮನೆ ಹತ್ರ ಯಾರಾದ್ರೂ ಬರ್ತಾರಾ?’

ಬರುತ್ತಾರೆ ಎಂದರು ಅವರು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾಳೋ ಇಲ್ಲವೋ ವಿಚಾರಿಸಲು, ಮನೆಯ ಮಿಕ್ಕವರನ್ನು ಪರೀಕ್ಷೆ ಮಾಡಿಸಲು ಆರೋಗ್ಯ ಕಾರ್ಯಕರ್ತೆ ಬರುತ್ತಾಳೆ. ಅಪ್ಪ ಅಲ್ಲೇ ಬಾಣಸವಾಡಿಯ ನಮ್ಮ ಅತ್ತೆಯ ವಿಳಾಸ ಬರೆಸಿದರು. ಮಾವ ತೀರಿಕೊಂಡ ಮೇಲೆ ಅತ್ತೆ ಅಲ್ಲಿ ಒಬ್ಬರೇ ಇದ್ದರು. ಅದೇ ವಾರ ನನ್ನನ್ನು ಬಟ್ಟೆಯ ಗಂಟಿನ ಸಮೇತ ಅಲ್ಲಿಗೆ ಸಾಗಿಸಿದರು. ನೆಂಟರಿಗೆ, ಹೋಟೆಲಿನವರಿಗೆ ಕಾಮಾಲೆ ಎಂದು ಹೇಳಿದ್ದಾಯಿತು. ಕಾಮಾಲೆ ಮರ್ಯಾದಸ್ಥರ ಖಾಯಿಲೆ, ಪಥ್ಯ ಮಾಡಿದರೆ ಹೋಗುತ್ತದೆ, ಅದಕ್ಕೆ ಯಾರೂ ಹೋಟೆಲ್ ಬದಲಾಯಿಸುವುದಿಲ್ಲ.

ನಾನು ಜಗಳ ತೆಗೆದೆ. ಗಾಳಿಯಿಂದ ಹರಡುವ ಖಾಯಿಲೆ, ತಟ್ಟೆಯಿಂದ ಅಲ್ಲ. ನಾನು ಅಡುಗೆಮನೆಗೆ ಕಾಲಿಟ್ಟವಳೇ ಅಲ್ಲ. ಅಲ್ಲಿ ಕೆಲಸ ಮಾಡುವವರನ್ನು ಪರೀಕ್ಷೆ ಮಾಡಿಸದಿದ್ದರೆ ಅದೇ ದೊಡ್ಡ ತಪ್ಪು. ಅಪ್ಪ ಎಲ್ಲ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಅಂದರು: ‘ನಿನ್ ಖಾಯಿಲೆಗೆ ಮಾತ್ರೆ ಐತೆ ಕಣಮ್ಮ. ಹೋಟ್ಲಿಗೆ ಟಿಬಿ ಬಂತು ಅಂದ್ರೆ ಅದುಕ್ಕೆ ಮಾತ್ರೆ ಇಲ್ಲ.’

ಎದುರಾಳಿಯ ಒಳ್ಳೆಯ ಮಾತನ್ನು ಒಪ್ಪಿಕೊಳ್ಳಬೇಕು ಎಂದು ನಾನೇ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಒಪ್ಪಿಕೊಳ್ಳುವ ಬದಲು ಅಪ್ಪನ ಮಾತು ಸುಳ್ಳೆಂದು ತೋರಿಸಲು ಶಾಲೆಗೆ ನಿಜ ಹೇಳಿದೆ. ಅದನ್ನು ಹೇಗೂ ಹೇಳಲೇಬೇಕಿತ್ತು, ಮಕ್ಕಳಿದ್ದರು. ಪ್ರಿನ್ಸಿಪಾಲರು ಕಿಟಕಿ ತೆಗೆದು, ಬಹಳ ಮರ್ಯಾದೆಯಿಂದ ಮಾತಾಡಿದರು. ಮಕ್ಕಳಿಗೆ ಪರೀಕ್ಷೆ ಮಾಡಿಸಿದರು, ಯಾರಿಗೂ ಏನೂ ಇರಲಿಲ್ಲ. ಆ ಸುದ್ದಿ ಬಂದ ದಿನ ನಾನು ಅತ್ತೆಯ ಮನೆಯ ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಪೂರ್ತಿ ಗುಣವಾದ ಮೇಲೆ ಬನ್ನಿ ಎಂದಿದ್ದರು ಪ್ರಿನ್ಸಿಪಾಲರು. ಎರಡು ವಾರ ಕಳೆಯುವುದರೊಳಗೆ ನನ್ನ ಜಾಗಕ್ಕೆ ಬೇರೆಯವರು ಬಂದರು. ತೀರ್ಪುಗಾರರು ಇದ್ದಿದ್ದರೆ ಆ ಸುತ್ತು ಅಪ್ಪನದು.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನನಗೆ ಮುರುಗನ್ ಸಿಕ್ಕಿದ. ಹಲಸೂರಿನ ಆಟೋ ಡ್ರೈವರ್, ನನಗಿಂತ ಸ್ವಲ್ಪ ದೊಡ್ಡವನು, ಇದೇ ಖಾಯಿಲೆ. ಆ ಬೆಂಚಿನಲ್ಲಿ ಎಲ್ಲರೂ ಮಾಸ್ಕು ಹಾಕಿ ಒಬ್ಬರಿಂದ ಒಬ್ಬರು ಮುಖ ತಿರುಗಿಸಿ ಕೂರುತ್ತಾರೆ. ಯಾರಾದರೂ ಗುರುತಿನವರು ಬಂದರೆ ಕಷ್ಟ ಎಂಬ ಭಯ. ಮುರುಗನ್ ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ ಕೂತು ಮಾತಾಡುತ್ತಿದ್ದ. ಆ ಮಾತ್ರೆಗಳಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಮೊದಲ ದಿನ ನಾನು ಹೆದರಿ ಸತ್ತಿದ್ದೆ. ಅದನ್ನು ಹೇಳಿದಾಗ ಅವನು, ‘ನಾನಾದ್ರೆ ಪೆಟ್ರೋಲ್ ಲೀಕ್ ಆಗ್ತೈತೆ ಅನ್ಕೊಂಡೆ ಮೇಡಂ’ ಅಂದ. ತಿಂಗಳುಗಳ ನಂತರ ನಾನು ನಕ್ಕದ್ದು ಅವತ್ತು. ನಕ್ಕದ್ದಕ್ಕೆ ಕೆಮ್ಮು ಬಂದು ಇಬ್ಬರೂ ಕೆಮ್ಮಿದೆವು. ಆಟೋ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ತನ್ನ ಖಾಯಿಲೆ ಹೇಳಿಬಿಟ್ಟಿದ್ದನಂತೆ. ಏನಂದರು ಎಂದು ಕೇಳಿದೆ. ‘ಏನಂತಾರೆ? ಗಾಡಿ ಕೊನೇಲಿ ನಿಲ್ಸು ಅಂದ್ರು. ನಿಲ್ಸಿದೀನಿ.’

ಕೆಮ್ಮು ನಿಲ್ಲಲಿಲ್ಲ. ಮಧ್ಯದಲ್ಲಿ ಅಮ್ಮನ ಅಕ್ಕನ ಮಗಳ ಮದುವೆ ಬಂತು. ನಾನು ಹೋಗದಿದ್ದರೆ ನೆಂಟರು ಬಾಣಸವಾಡಿಗೆ ನೋಡಲು ಬರುತ್ತಾರೆ, ಆದ್ದರಿಂದ ಕೆ.ಆರ್. ಪುರದ ಮನೆಯಲ್ಲಿ ಇರಬೇಕಾಯಿತು. ಮನೆ ತುಂಬ ಜನ. ಅಮ್ಮ ನನ್ನ ಮಾತ್ರೆಗಳನ್ನು ಕೆಳಗೆ ಹೋಟೆಲಿನ ಉಗ್ರಾಣದಲ್ಲಿ, ರಾಗಿ ಹಿಟ್ಟಿನ ಡಬ್ಬದೊಳಗೆ ಬಚ್ಚಿಟ್ಟರು. ಉಗ್ರಾಣಕ್ಕೆ ಬೀಗ, ಬೀಗದ ಕೈ ಅಪ್ಪನ ಸೊಂಟದಲ್ಲಿ, ಅಪ್ಪ ಛತ್ರದಲ್ಲಿ. ಹೀಗೆ ಕೆಲವು ದಿನ ಮಾತ್ರೆ ತಪ್ಪಿತು. ಆಮೇಲೆ ಬಂದ ಪರೀಕ್ಷೆಯಲ್ಲಿ ಈ ಮಾತ್ರೆಗಳು ನನ್ನ ಖಾಯಿಲೆಗೆ ನಾಟುತ್ತಿಲ್ಲ ಎಂದು ತಿಳಿಯಿತು. ಅಮ್ಮ ಡಾಕ್ಟರಮ್ಮನ ಮುಂದೆ ಕೈ ಮುಗಿದು ನಿಂತು, ರಾಗಿ ಡಬ್ಬದ ವಿಷಯವನ್ನೆಲ್ಲ ಹೇಳಿ, ನನ್ನಿಂದಲೇ ಹೀಗಾಯಿತಾ ಎಂದು ಕೇಳಿದರು. ಹಾಗೆ ಹೇಳಲಾಗುವುದಿಲ್ಲ, ಮೊದಲಿಂದಲೇ ಆ ಜಾತಿಯದೇ ಅಂಟಿರಬಹುದು ಎಂದರು ಅವರು. ನಾನೂ ಮನೆಯಲ್ಲಿ ಇದನ್ನೇ ಸಾಧಿಸಿದೆ: ಸಾಕ್ಷ್ಯ ಇಲ್ಲ, ತೀರ್ಮಾನ ಮಾಡಬೇಡ. ಅಮ್ಮನಿಗೆ ಸಾಕ್ಷ್ಯ ಬೇಕಾಗಿರಲಿಲ್ಲ. ಇವತ್ತಿಗೂ ಆ ಡಬ್ಬದಿಂದ ಹಿಟ್ಟು ತೆಗೆಯುವುದಿಲ್ಲ.

ಹೊಸ ಮಾತ್ರೆಗಳು ಬಂದವು. ಅದರಲ್ಲೊಂದು ಮೈಬಣ್ಣವನ್ನು ಬದಲಿಸುತ್ತದೆ. ನನ್ನ ಮುಖ, ಕೈ ಎಲ್ಲ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು. ಇನ್ನೊಂದರಿಂದ ಅಂಗಾಲು ಉರಿ, ಕಾಲಡಿ ಸದಾ ಮರಳಿದ್ದ ಹಾಗೆ. ಪ್ರಾಣ ಹೋಗುವ ವಿಷಯದಲ್ಲಿ ನೆಂಟರಿಗೆ ಅನುಮಾನ ಬರಲಿಲ್ಲ, ಬಣ್ಣದ ವಿಷಯದಲ್ಲಿ ಬಂತು. ಕಾಮಾಲೆಗೆ ಹಳದಿಯಾಗಬೇಕು, ಹುಡುಗಿ ಯಾಕೆ ಕಪ್ಪಾದಳು ಎಂದು ಕೇಳಿದರು. ಪ್ರಶ್ನೆ ಸರಿಯಾಗಿತ್ತು. ನಮ್ಮ ವಂಶದಲ್ಲಿ ನನ್ನೊಬ್ಬಳಿಗೇ ತರ್ಕ ಬಂದಿರುವುದು ಎಂಬ ನನ್ನ ಜಂಬ ಅವತ್ತು ಸ್ವಲ್ಪ ಇಳಿಯಿತು.

ಮುರುಗನ್ನನಿಗೂ ಮಾತ್ರೆ ಬದಲಾಗಿತ್ತು. ಒಂದು ವಾರ ಬರಲಿಲ್ಲ, ಇನ್ನೊಂದು ವಾರವೂ ಬರಲಿಲ್ಲ. ಆಮೇಲೆ ಅವನ ಹೆಂಡತಿ ಒಬ್ಬಳೇ ಬಂದು, ಮಿಕ್ಕಿದ್ದ ಮಾತ್ರೆಗಳ ಚೀಲವನ್ನು ಔಷಧಿ ಕೊಡುವ ಕಿಟಕಿಯಲ್ಲಿ ವಾಪಸ್ ಕೊಟ್ಟಳು. ನಾನು ಬೆಂಚಿನಿಂದ ಎದ್ದೆ. ಅವಳು ನನ್ನ ಮುಖ ನೋಡಿ, ನನ್ನ ಬಣ್ಣ ನೋಡಿ ಯಾರೆಂದು ತಿಳಿದವಳ ಹಾಗೆ ತಲೆ ಆಡಿಸಿ ಹೋದಳು. ಏನೆಂದು ಕೇಳಬೇಕಾದ ಅಗತ್ಯ ಇರಲಿಲ್ಲ. ಅವತ್ತಿನಿಂದ ನಾನೂ ಮಿಕ್ಕವರ ಹಾಗೆ ಗೋಡೆಯ ಕಡೆ ಮುಖ ಮಾಡಿ ಕೂರಲು ಶುರು ಮಾಡಿದೆ.

ತಿಂಗಳುಗಟ್ಟಲೆ ಮಾತ್ರೆ ತಿಂದರೂ ಎಡ ಶ್ವಾಸಕೋಶದ ಮೇಲಿನ ಭಾಗದಲ್ಲಿ ಖಾಯಿಲೆ ಕೊರೆದಿದ್ದ ಗೂಡು ಮುಚ್ಚಲಿಲ್ಲ. ಮತ್ತೆ ರಕ್ತ ಬಂತು, ಈ ಸಲ ಲೋಟದಷ್ಟು. ಆಪರೇಷನ್ ಮಾಡುವ ಡಾಕ್ಟರ ಹತ್ತಿರ ಕಳಿಸಿದರು. ಆ ಭಾಗವನ್ನು ತೆಗೆದರೆ ಮಾತ್ರೆಗಳು ಮಿಕ್ಕದ್ದನ್ನು ಗೆಲ್ಲಬಹುದು. ತೆಗೆಯದಿದ್ದರೆ ಅವು ಸೋಲುವ ಸಾಧ್ಯತೆ ಹೆಚ್ಚು. ಆಪರೇಷನ್ನಿನಲ್ಲೂ ಅಪಾಯ ಇದೆ. ಒಪ್ಪಿಗೆ ನನ್ನದು. ಎಲ್ಲಿ ಕುಯ್ಯುತ್ತೀರಿ ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳದಿಂದ ನನ್ನ ಬೆನ್ನಿನ ಮೇಲೆ, ಬಟ್ಟೆಯ ಮೇಲಿಂದಲೇ, ಗೆರೆ ಎಳೆದು ತೋರಿಸಿದರು. ಬೆನ್ನುಮೂಳೆಯ ಪಕ್ಕದಿಂದ ಇಳಿದು, ಹೆಗಲ ಮೂಳೆಯ ಮೂಲೆ ಸುತ್ತಿ, ಕಂಕುಳ ಕೆಳಗಿಂದ ಮುಂದಕ್ಕೆ. ಮುಚ್ಚಳ ಎಲ್ಲಿ ತಿರುಗುತ್ತದೆ ಎಂಬುದು ಅದು ತಿರುಗುವ ಮೊದಲೇ ನನಗೆ ಗೊತ್ತಿತ್ತು. ಹಿತ್ತಲಿನ ನಲ್ಲಿಯ ಕೆಳಗೆ ತಾತ ಸ್ನಾನ ಮಾಡುವಾಗ ಚಿಕ್ಕಂದಿನಿಂದ ನೋಡಿದ ಗೆರೆ ಅದು.

ಗುಂಡು ಬಿದ್ದರೂ ಹೀಗೇ ಗೆರೆ ಇರುತ್ತದಾ ಎಂದು ಕೇಳಿದೆ. ಡಾಕ್ಟರಿಗೆ ಈ ಪ್ರಶ್ನೆ ಎಲ್ಲಿಂದ ಬಂತೋ ತಿಳಿಯಲಿಲ್ಲ. ಗುಂಡು ತೆಗೆಯಲೂ ಎದೆಯನ್ನು ಹೀಗೇ ತೆರೆಯಬಹುದು, ಬರೀ ಗೆರೆ ನೋಡಿ ಕಾರಣ ಹೇಳಲಾಗದು ಎಂದರು. ನ್ಯಾಯವಾದ ಉತ್ತರ. ನಾನು ಒಪ್ಪಿಗೆಗೆ ಸಹಿ ಹಾಕದೆ ಎದ್ದು ಬಂದೆ.

ಆಗಿನ ನನ್ನ ಸ್ಥಿತಿಯನ್ನು ಬಿಡಿಸಿ ಹೇಳಬೇಕು. ನೂರಕ್ಕೆ ಎಷ್ಟು ಜನ ಬದುಕುತ್ತಾರೆ ಎಂಬ ಲೆಕ್ಕ ಡಾಕ್ಟರು ಕೊಟ್ಟಿದ್ದರು. ಅದು ಒಳ್ಳೆಯ ಲೆಕ್ಕವೇ. ಆದರೆ ಆ ನೂರು ಜನರಲ್ಲಿ ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ನೋಡಿದ್ದು ಮುರುಗನ್ನನ ಹೆಂಡತಿಯ ಮುಖವನ್ನು. ಎದೆ ತೆರೆಸಿಕೊಂಡು, ಅರ್ಧ ಉಸಿರಿಟ್ಟುಕೊಂಡು, ಆಮೇಲೂ ಮುದ್ದೆ ತಿಂದು ಬಾಳಿದವರು ಒಬ್ಬರು ಬೇಕಿತ್ತು ನನಗೆ. ಅಂಥವರು ನಮ್ಮ ಮನೆಯಲ್ಲೇ ಇದ್ದು, ಐವತ್ತು ವರ್ಷದಿಂದ ಬಾಯಿ ಬಿಟ್ಟಿಲ್ಲ ಅನ್ನಿಸಿದಾಗ ಖಾಯಿಲೆಗಿಂತ ಹೆಚ್ಚಾಗಿ ಸಿಟ್ಟು ನನ್ನನ್ನು ಅಲ್ಲಾಡಿಸಿತು.

ಅವತ್ತೇ ಕೆ.ಆರ್. ಪುರಕ್ಕೆ ಹೋದೆ. ತಾತ ಹೋಟೆಲಿನ ಹಿಂದೆ ಕೂತು ಬಾಳೆಲೆ ಒರೆಸುತ್ತಿದ್ದರು. ‘ತಾತ, ನಿಂಗೂ ಟಿಬಿ ಇತ್ತಾ?’ ಎಂದೆ. ಅವರು ಎಲೆ ಒರೆಸುವುದನ್ನು ನಿಲ್ಲಿಸಲಿಲ್ಲ. ಹಳೇದು ಬಿಡು ಎಂದರು. ಬಿಡಲಾಗುವುದಿಲ್ಲ, ನನ್ನ ಪ್ರಾಣದ ಪ್ರಶ್ನೆ ಎಂದೆ. ಇನ್ನೊಂದು ಎಲೆ ತೆಗೆದುಕೊಂಡರು. ಒಳಗಿಂದ ಅಪ್ಪ ಬಂದು, ಎಂಬತ್ತು ದಾಟಿದವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತೀಯಾ, ಗಿರಾಕಿಗಳು ಕೇಳಿಸಿಕೊಳ್ಳುತ್ತಾರೆ ಎಂದು ನನ್ನ ತೋಳು ಹಿಡಿದು ಮೇಲಕ್ಕೆ ಕರೆದುಕೊಂಡು ಹೋದರು. ಮೆಟ್ಟಿಲ ಮೇಲೆ ನನಗೆ ಏದುಸಿರು ಬಂತು. ಅಪ್ಪ ನಿಂತು ಕಾದರು. ಅವರ ಮುಖ ನೋಡಿದರೆ ಅವರಿಗೇನೂ ಗೊತ್ತಿಲ್ಲ ಎಂಬುದು ಸ್ಪಷ್ಟವಾಗಿತ್ತು. ಪಾಪ, ಅವರು ಹೇಳುತ್ತಿದ್ದದ್ದು ತಾವು ನಂಬಿದ್ದನ್ನೇ.

ಬಾಣಸವಾಡಿಗೆ ವಾಪಸ್ ಬಂದು ಸಂಜೆ ಅತ್ತೆಯ ಎದುರು ಕೂತೆ. ತಾತ ಯಾವತ್ತೂ ಬಾಳೆಲೆಯಲ್ಲೇ ಉಣ್ಣುತ್ತಾರೆ, ಉಂಡ ಎಲೆಯನ್ನು ತಾವೇ ಎತ್ತಿ ಹೊರಗೆ ಹಾಕುತ್ತಾರೆ. ಅವರ ಮಿಲಿಟರಿ ಮಗ್ಗನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ. ನಮ್ಮಲ್ಲಿ ಯಾವ ಮಗುವಿಗೂ ಅವರು ಮುತ್ತು ಕೊಟ್ಟದ್ದು ಕಾಣೆ. ಎತ್ತಿಕೊಂಡರೂ ಮುಖ ಆಚೆ. ಮಿಲಿಟರಿ ಶಿಸ್ತು ಎಂದು ನಾವು ಇದಕ್ಕೆ ಹೆಸರಿಟ್ಟಿದ್ದೆವು. ಸೈನ್ಯದಲ್ಲಿ ಎಲ್ಲರೂ ಒಂದೇ ಥರದ ತಟ್ಟೆಯಲ್ಲಿ, ಸಾಲಾಗಿ ಕೂತು ತಿನ್ನುತ್ತಾರಲ್ಲ, ಇದು ಯಾವ ಶಿಸ್ತು ಎಂದು ಅತ್ತೆಯನ್ನು ಕೇಳಿದೆ. ಸೈನ್ಯದಿಂದ ಬಂದಾಗಿನಿಂದ ಹೀಗೇ ಇದ್ದಾರಾ?

ಅತ್ತೆ ಹುರುಳಿಕಾಯಿ ಮುರಿಯುತ್ತಿದ್ದರು. ‘ಇಲ್ಲ ಕಣೆ,’ ಅಂದರು. ‘ಬಂದ ಹೊಸದ್ರಲ್ಲಿ ಅಪ್ಪ, ಅಮ್ಮ, ನಾನು ಒಂದೇ ಗಂಗಾಳದಲ್ಲಿ ತಿಂತಿದ್ವಿ. ಎಲೆ ಹಾಕ್ಕೊಂಡಿದ್ದು ಅಮ್ಮ ಹೋದ್ಮೇಲೆ.’

ಅಜ್ಜಿಗೆ ಬಂದ ಜ್ವರ ಎಂಥದ್ದು ಎಂದು ಕೇಳಿದೆ. ಸಂಜೆ ಬರುತ್ತಿತ್ತು, ಬೆಳಿಗ್ಗೆ ಬಿಡುತ್ತಿತ್ತು ಎಂದರು. ಕೆಮ್ಮು? ‘ಒಲೆ ಹೊಗೆ ಅಂತಿದ್ರು.’ ಹುರುಳಿಕಾಯಿಯ ನಾರು ಅತ್ತೆಯ ಬೆರಳಲ್ಲೇ ಉಳಿಯಿತು. ನಾನು ಮುಂದೆ ಕೇಳಲಿಲ್ಲ. ಆರೇಳು ವರ್ಷದ ಹುಡುಗಿಯ ನೆನಪಿನಿಂದ ಮರಣದ ಕಾರಣ ಸಾಧಿಸಬಾರದು ಎಂಬುದು ನನಗೆ ಗೊತ್ತು. ಅಜ್ಜಿಗೆ ಡ್ರೈವರುಗಳಿಂದ ಬಂದಿರಬಹುದು. ಅಜ್ಜಿಯಿಂದಲೇ ತಾತನಿಗೆ ಹೋಗಿದ್ದಿರಬಹುದು. ಬರೀ ಜ್ವರವೇ ಇದ್ದಿರಬಹುದು. ಆದರೆ ತಟ್ಟೆ ಬಿಟ್ಟು ಎಲೆ ಹಿಡಿದ ಮನುಷ್ಯ ಮನಸ್ಸಿನಲ್ಲಿ ಯಾವ ತೀರ್ಮಾನಕ್ಕೆ ಬಂದಿದ್ದರು ಎಂಬುದಕ್ಕೆ ಬೇರೆ ಅರ್ಥ ನನಗೆ ಹೊಳೆಯಲಿಲ್ಲ.

ಕೆಲವು ದಿನ ಕಳೆದ ಮೇಲೆ ತಾತ ಒಬ್ಬರೇ ಆಟೋದಲ್ಲಿ ಬಾಣಸವಾಡಿಗೆ ಬಂದರು. ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದರು. ನಾನು ಮಾಸ್ಕ್ ಹಾಕಿಕೊಳ್ಳಲು ಎದ್ದರೆ ಕೂರು ಎಂದು ಕೈ ತೋರಿಸಿದರು. ನನ್ನ ಮಂಚದ ಕಾಲ ಬಳಿ ಕುರ್ಚಿ ಎಳೆದುಕೊಂಡು, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ಬಿಸಿಲಿನ ಬಗ್ಗೆ, ಆಟೋದವನ ಬಗ್ಗೆ ಏನೋ ಹೇಳಿದರು. ಆಮೇಲೆ ನೆಲ ನೋಡುತ್ತ ಶುರು ಮಾಡಿದರು.

‘ಎಚ್ಚರ ಆದ್ಮೇಲೆ ಕೆಮ್ಮು ಅಂತಾರೆ ಅಮ್ಮಣ್ಣಿ. ಹೊಲಿಗೆ ಕಿತ್ತೋಯ್ತದೆ ಅನ್ಸುತ್ತೆ. ಕಿತ್ತೋಗಲ್ಲ. ದಿಂಬು ಎದೆಗೆ ಅವಚ್ಕೊಂಡು ಕೆಮ್ಮು. ಕೆಮ್ಮದೆ ಮಲಗಿದೋರು ಉಳೀಲಿಲ್ಲ, ನಾನ್ ನೋಡಿವ್ನಿ.’

ಅವರು ಇನ್ನೂ ಕೆಲವು ಹೇಳಿದರು. ಎದೆಯಿಂದ ಕೊಳವೆ ಎಳೆದು ತೆಗೆಯುವಾಗ ಉಸಿರು ಹಿಡಿದುಕೊಳ್ಳಬೇಕು. ಎಡ ತೋಳನ್ನು ದಿನಾ ಗೋಡೆಯ ಮೇಲೆ ಹತ್ತಿಸಬೇಕು, ಇಲ್ಲದಿದ್ದರೆ ಹೆಗಲು ಹಾಗೇ ಬಿಗಿದುಕೊಳ್ಳುತ್ತದೆ. ಉತ್ತರದ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ಉದ್ದನೆಯ ವಾರ್ಡು, ಚಳಿಗಾಲದಲ್ಲೂ ಕಿಟಕಿಗಳೆಲ್ಲ ತೆರೆದೇ ಇರುತ್ತಿದ್ದವು. ಯುದ್ಧ ಶುರುವಾದ ಸುದ್ದಿ, ಮುಗಿದ ಸುದ್ದಿ, ಎರಡೂ ಅವರಿಗೆ ಬಂದದ್ದು ಆ ವಾರ್ಡಿನ ರೇಡಿಯೋದಿಂದ. ಟಿಬಿ ಎಂಬ ಮಾತನ್ನು ಆಗಲೂ ಅವರು ಆಡಲಿಲ್ಲ. ಹೊರಡುವಾಗ, ಬಾಗಿಲಲ್ಲಿ ನಿಂತು, ಸಹಿ ಹಾಕು ಎಂದರು. ಮಾರನೆಯ ದಿನ ಹಾಕಿದೆ.

ಆಪರೇಷನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಚ್ಚರವಾದಾಗ ಒಬ್ಬಾಕೆ ಬಂದು ಕೆಮ್ಮಿ ಎಂದರು. ದಿಂಬು ಕೊಡಿ ಎಂದೆ. ಇದನ್ನು ನಿಮಗೆ ಮೊದಲೇ ಯಾರು ಹೇಳಿಕೊಟ್ಟರು ಎಂದು ಅವರು ಕೇಳಿದರು. ಉತ್ತರ ಹೇಳುವಷ್ಟು ಉಸಿರು ಇರಲಿಲ್ಲ. ಕೆಮ್ಮಿದೆ. ಒಳಗಿನಿಂದ ಯಾರೋ ಗರಗಸ ಎಳೆದ ಹಾಗಾಯಿತು. ಮತ್ತೆ ಕೆಮ್ಮಿದೆ.

ಇವತ್ತಿನ ಸ್ಥಿತಿ ಹೀಗಿದೆ. ಮಾತ್ರೆ ಇನ್ನೂ ನಡೆಯುತ್ತಿದೆ. ಗುಣವಾಯಿತು ಎಂಬ ಮಾತನ್ನು ಯಾರೂ ಆಡಿಲ್ಲ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಲ್ಲಿ ಎರಡು ಕಡೆ ನಿಲ್ಲುತ್ತೇನೆ, ಹಿಂದಿನವರು ಬೈದುಕೊಂಡು ದಾಟುತ್ತಾರೆ. ಕಾಲಡಿಯ ಮರಳು ಹೋಗಿಲ್ಲ, ಕೆಲವರಿಗೆ ಹೋಗುವುದೇ ಇಲ್ಲವಂತೆ. ಒಂದೇ ಉಸಿರಿನಲ್ಲಿ ಮೂರು ವಾಕ್ಯ ಮಂಡಿಸುತ್ತಿದ್ದವಳು ಈಗ ಒಂದು ವಾಕ್ಯದ ನಡುವೆ ನಿಲ್ಲುತ್ತೇನೆ. ಎದುರಿನವರು ನಾನು ಸೋತೆ ಎಂದುಕೊಂಡು ಮಾತು ಮುಂದುವರಿಸುತ್ತಾರೆ. ಬೆಳಿಗ್ಗೆ ಏಳುವಾಗ ಮೊದಲು ಬರುವ ಯೋಚನೆ ಬಾಯಲ್ಲಿ ರಕ್ತದ ರುಚಿ ಇದೆಯೇ ಎಂಬುದು. ಇದನ್ನೆಲ್ಲ ಕೇಳಿಸಿಕೊಳ್ಳಲು ಮುರುಗನ್ ಇಲ್ಲ.

ಮೊನ್ನೆ ಮಧ್ಯಾಹ್ನದ ಗಿರಾಕಿಗಳೆಲ್ಲ ಹೋದ ಮೇಲೆ ಹೋಟೆಲಿನಲ್ಲಿ ತಾತನ ಪಕ್ಕ ಕೂತಿದ್ದೆ. ಹೊಸಕೋಟೆಯ ಕಡೆಯ ನೆಂಟರೊಬ್ಬರು ಊಟ ಮುಗಿಸಿ ಕೈ ತೊಳೆದು ಗಲ್ಲಾದ ಬಳಿ ನಿಂತು, ಮಗಳಿಗೆ ಏನಾಗಿತ್ತು, ತೋಳು ಎತ್ತಲು ಕಷ್ಟಪಡುತ್ತಾಳಲ್ಲ ಎಂದು ವಿಚಾರಿಸಿದರು. ಅಪ್ಪ ಒಂದು ಕ್ಷಣವೂ ತಡೆಯಲಿಲ್ಲ. ರಿಂಗ್ ರಸ್ತೆಯಲ್ಲಿ ಸ್ಕೂಟರ್, ಹಿಂದಿನಿಂದ ಲಾರಿ, ದೇವರು ದೊಡ್ಡವನು ಎಂದರು. ನೆಂಟರು ನನ್ನ ಕಡೆ ತಿರುಗಿ, ಗಟ್ಟಿ ಹುಡುಗಿ, ಮಿಲಿಟರಿ ರಕ್ತ ಎಂದರು. ಅವರು ಹೋದ ಮೇಲೆ ತಾತ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ, ಒಳ್ಳೆಯದಕ್ಕೇ ಹೇಳುತ್ತಾನೆ ನಿಮ್ಮಪ್ಪ ಎಂದರು.

ಗುಂಡು ಅಂತ ಮೊದಲು ಹೇಳಿದ್ದು ಯಾರು ಎಂದು ಕೇಳಿದೆ. ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ.

‘ನಿಮ್ಮಜ್ಜಿ,’ ಅಂದರು. ‘ನಾನು ಆಸ್ಪತ್ರೇಲಿದೀನಿ ಅಂತ ಯಾರೋ ಲಾರಿ ಡ್ರೈವರ್ ಬಂದು ಹೇಳ್ದ. ಯುದ್ಧದ ಟೈಮು, ಆಸ್ಪತ್ರೆ ಅಂದ್ರೆ ಗುಂಡೇ ಅನ್ಕೊಂಡ್ಲು. ಬರೋರಿಗೆ ಹೋಗೋರಿಗೆ ಎಲ್ರಿಗೂ ಹೇಳ್ಬಿಟ್ಟಿದ್ಲು. ನಾನ್ ವಾಪಸ್ ಬಂದ್ರೆ, ಊಟಕ್ಕೆ ಬಂದೋರು ನನ್ ಕೈ ಮುಟ್ಟಿ ನಮಸ್ಕಾರ ಮಾಡೋರು. ಅವಳಿಗೆ ಅದೇನು ಹೆಮ್ಮೆ.’

ಅವರು ಮಗ್ಗನ್ನು ಎತ್ತಿ, ಒಳಗೆ ಏನೂ ಇಲ್ಲದ್ದನ್ನು ನೋಡಿ, ಕೆಳಗಿಟ್ಟರು. ಹಿಂದೆ ಅಡುಗೆಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಉಸಿರು ಸಾಲಲಿಲ್ಲ, ಎರಡು ಸಲ ತೆಗೆದುಕೊಂಡು ಕೇಳಿದೆ.

‘ಆಮೇಲಾದ್ರೂ ಅಜ್ಜಿಗೆ ನಿಜ ಹೇಳ್ದ್ಯಾ, ತಾತ?’